ಇಪ್ಪತ್ತೊಂದನೆಯ ಪ್ರತಿ

ಪರೇಲಿನ ದೊಡ್ಡಾಸ್ಪತ್ರೆಯ ಎದುರು, ಔಷಧದಂಗಡಿಗೂ
ವಡಾಪಾವ್ ಗಾಡಿಗೂ ನಡುವಿನ ಐದಡಿಯಲ್ಲಿ
ನನ್ನ ಝೆರಾಕ್ಸ್ ಯಂತ್ರ.
ಊರವರ ಕಾಯಿಲೆಯೆಲ್ಲ ನನ್ನ ಗಾಜಿನ ಮೇಲೆ
ಬೋರಲು ಮಲಗಿ ಎದ್ದು ಹೋಗುತ್ತವೆ,
ಪುಟಕ್ಕೆ ಎರಡು ರೂಪಾಯಿ.

ಮೇಜಿನ ಕೆಳಗೆ ಮಂತು.
ಆರು ವರ್ಷ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ,
ಎರಡು ಓಣಿಯಾಚೆ ಕುಲ್ಫಿಯವನ ಗಂಟೆಗೆ ತಿರುಗುತ್ತಾನೆ.

ಡಾಕ್ಟರು ಚೀಟಿ ಬರೆದುಕೊಟ್ಟ ದಿನ
ಇಳಕಲ್ಲಿಗೆ ಫೋನು ಮಾಡಿದೆ.
"ಆಟಿಸಂ ಅಂದ್ರ? ಆಟದ ಜಡ್ಡೇನ ಅದು?
ಆಡಿಕೋಂತ ಇರ್ಲಿ ಬಿಡವಾ" ಅಂದರು ಅತ್ತೆ.
ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಆಮೇಲೆ ಓದತೊಡಗಿದೆ. ಕಳ್ಳ ಓದು,
ಬೇರೆಯವರ ಕಾಗದ, ಬೆಳಕು ಸರಿಯುವಷ್ಟು ಹೊತ್ತು.
ದಪ್ಪದೊಂದು ಇಂಗ್ಲಿಷ್ ಪುಸ್ತಕದ ಮೂವತ್ತು ಪುಟದಲ್ಲಿ
'ಕೊರತೆ' ಎಷ್ಟು ಸಲ ಬಂತೆಂದು ಎಣಿಸಿ
ನಲವತ್ತಕ್ಕೆ ಬಿಟ್ಟೆ.
ಅದರಲ್ಲಿ ನನ್ನ ಮಗ ರಿಪೇರಿಗೆ ಬಂದ ಮಿಕ್ಸರು.
ಗುಲಾಬಿ ಹಾಳೆಯೊಂದು ಮೂರು ತಿಂಗಳಲ್ಲಿ ಮಾತು ಬರಿಸುತ್ತಿತ್ತು,
ತಪ್ಪಿದರೆ ಹಣ ವಾಪಸು. ವಿಳಾಸ ಇರಲಿಲ್ಲ.
ಇನ್ನೊಂದು, ಗೋಧಿ ಬಿಡಿಸಿ ಎಂದಿತು. ಬಿಡಿಸಿದೆ.
ಅವನು ತಿನ್ನುತ್ತಿದ್ದ ಮೂರು ಪದಾರ್ಥದಲ್ಲಿ ಚಪಾತಿ ಒಂದು.
ಎಂಟನೆಯ ರಾತ್ರಿ ಗಂಡ ಎದ್ದು
ಮಾತಾಡದೆ ಹಿಟ್ಟು ಕಲಸಿದ.
ಮತ್ತೊಂದು, ತಾಯಿಯ ಮನಸ್ಸು ತಣ್ಣಗಿದ್ದರೆ
ಮಕ್ಕಳು ಹೀಗಾಗುತ್ತವೆ ಎಂದಿತು.
ಆ ದಿನ ಯಂತ್ರ ಕೆಟ್ಟಿದೆಯೆಂದು ಸುಳ್ಳು ಹೇಳಿ
ಬೇಗ ಬಾಗಿಲು ಹಾಕಿದೆ.

ಒಂದು ಮಂಗಳವಾರ, ಊಟದ ಹೊತ್ತು,
ತಾಮ್ಹಣೆ ಬಾಯಿ ಬಂದರು.
ಚೌಕಳಿ ನೋಟುಬುಕ್ಕಿನಿಂದ ಬಿಡಿಸಿದ ಹದಿನಾಲ್ಕು ಹಾಳೆ,
ಮರಾಠಿ, ನೀಲಿ ಶಾಯಿ, ಚೌಕಕ್ಕೊಂದು ಅಕ್ಷರ.
"ಇಪ್ಪತ್ತು ಪ್ರತಿ. ಮಗಳು ಬರೆದದ್ದು. ಮಾತು ಕಮ್ಮಿ ಅವಳದು.
ತಮ್ಮನ ಮದುವೆ ಇದೆ. ಬರುವ ನೆಂಟರೆಲ್ಲ
ಮೊದಲೇ ಓದಿಕೊಂಡು ಬರಬೇಕಂತೆ."

ಬೆಳಕು ಸರಿಯಿತು:
'ಕುಕ್ಕರು ಕೂಗುವಾಗ ಕಿವಿ ಮುಚ್ಚುವುದು ಹಟಕ್ಕಲ್ಲ.
ಆ ಶಬ್ದಕ್ಕೆ ಮೊನೆ ಇದೆ.'
ಮತ್ತೆ ಸರಿಯಿತು:
'ನಿಮ್ಮ ಮುಖ ನೋಡುತ್ತಿದ್ದರೆ ನಿಮ್ಮ ಮಾತು ಕೇಳಿಸುವುದಿಲ್ಲ.
ಯಾವುದು ಬೇಕೋ ನೀವೇ ಹೇಳಿ.'

ಇಪ್ಪತ್ತೊಂದು ಒತ್ತಿದೆ.
ಇಪ್ಪತ್ತರ ದುಡ್ಡು ತಗೊಂಡೆ.

ರಾತ್ರಿ ಫೋನಿನಲ್ಲಿ ಅತ್ತೆಗೆ ಕನ್ನಡ ಮಾಡಿ ಓದಿದೆ.
ಒಂದು ಕಿವಿಯನ್ನು ಮಗ್ಗಕ್ಕೆ ಕೊಟ್ಟವರು ಅವರು.
ಮೊನೆಯ ಸಾಲಿಗೆ ತಡೆದರು. "ಇನ್ನೊಮ್ಮೆ ಓದವಾ."
ಓದಿದೆ.
"ಖರೆ ಅದ. ಮಗ್ಗದ ಸಪ್ಪಳಕ್ಕೂ ಇತ್ತು.
ನನ್ನ ಯಾರೂ ಕೇಳ್ಲಿಲ್ಲ."
ಅಂದಿನಿಂದ 'ಮಾತಾಡೋ ಮಂತು' ಎನ್ನುವುದಿಲ್ಲ,
ಅವನ ಉಸಿರು ಕೇಳುತ್ತ ಕೂರುತ್ತಾರೆ,
ಕರೆನ್ಸಿ ಮುಗಿಯುವ ತನಕ.

ಒಂಬತ್ತನೆಯ ಪುಟ, ಹಿತವಾದವು:
'ಈಗಷ್ಟೇ ಇಸ್ತ್ರಿ ಮಾಡಿದ ದಿಂಬಿನ ಚೀಲ.
ಬಸ್ಸಿನ ಕಿಟಕಿಯ ನಡುಕ, ಹಲ್ಲಿಗೆ ತಾಗುವಂಥದ್ದು.
ಒಂದೇ ಪ್ರಶ್ನೆ ಕೇಳಿ ಕಾಯುವವರು.'

ಓದುತ್ತಿದ್ದಂತೆ ಮೇಜಿನ ಕೆಳಗಿಂದ ಕೈ ಬಂತು,
ಟ್ರೇಯ ಮೇಲಿನ ಹಾಳೆ ಎಳೆದು
ಕೆನ್ನೆಗೆ ಒತ್ತಿಕೊಂಡಿತು ಮಗು.
ಮೂರು ವರ್ಷದಿಂದ ಕಸಿಯುತ್ತಿದ್ದೆ ನಾನು,
ಗಿರಾಕಿಯ ಕಾಗದ, ಮುದ್ದೆ ಮಾಡಬೇಡ ಎಂದು.

ಈಗ ಗಾಜಿನ ಮೇಲೆ ಏನೂ ಇಡದೆ
ಒಂದು ಒತ್ತುತ್ತೇನೆ.
ಬರಿ ಬಿಳಿ ಹಾಳೆ, ಬಿಸಿ ಬಿಸಿ.
ಕೆಳಗೆ ಕೊಡುತ್ತೇನೆ.

ಇಪ್ಪತ್ತೆಂಟು ರೂಪಾಯಿ ಡ್ರಾಯರಿನಲ್ಲಿ ಬೇರೆ ಇಟ್ಟಿದ್ದೇನೆ.
ತಾಮ್ಹಣೆ ಬಾಯಿ ಮತ್ತೆ ಬಂದಿಲ್ಲ.

ನಿನ್ನೆ ಒಬ್ಬಳು ಹೊಸ ಚೀಟಿ ತಂದಳು.
ಗಾಜಿಗೆ ಇಡುವಾಗಲೇ ಪದ ಗುರುತಾಯಿತು.
ಚಿಲ್ಲರೆ ತಗೊಂಡೂ ಹೋಗದೆ ನಿಂತಳು.
ಇಪ್ಪತ್ತೆರಡು ಒತ್ತಲೇ? ಬರೆದವಳನ್ನು ಕೇಳಿಲ್ಲ.
ಸ್ಟೂಲು ಎಳೆದೆ.
ಮರಾಠಿ ಬರುತ್ತದಾ, ಕೂರಿ,
ಇಲ್ಲೇ ಓದಿ ಎಂದೆ.