ಇಪ್ಪತ್ತು ತೇತ್ರಿ

ಚೀಟಿ ಎತ್ತಿದರು. ನನ್ನ ಹೆಸರು ಬಂತು.
ಮಾರೇಖಿ, ಭೂವಿಜ್ಞಾನ, ಎರಡನೇ ವರ್ಷ.
ಶುಕ್ರವಾರ ಒಂಬತ್ತರಿಂದ ಐದರವರೆಗೆ
ಈ ವಿಶ್ವವಿದ್ಯಾಲಯ ನಿನ್ನದು, ಅಂದರು.
ನಗುತ್ತಾ ಅಂದರು. ಫೋಟೊ ಹಿಡಿಯುವವನೂ ಬಂದಿದ್ದ.

ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಯಾರಿಗೂ ನಿದ್ದೆಯಿಲ್ಲ.
ಇದ್ದೊಂದು ಹೀಟರಿನ ಮೇಲೆ ನಾಲ್ಕು ಜೊತೆ ಕಾಲುಚೀಲ ಒಣಹಾಕಿ
ರಾಜ್ಯ ಹಂಚಿಕೊಂಡೆವು.
ಗ್ರಂಥಾಲಯ ರಾತ್ರಿಯಿಡೀ ತೆರೆದಿರಲಿ, ಅಂದಳು ನಾತಿಯಾ.
ಬೆಳಗ್ಗೆ ಎಂಟರ ಕ್ಲಾಸನ್ನು ಹೂತುಬಿಡು, ಅಂದಳು ಇನ್ನೊಬ್ಬಳು,
ಹೂತು, ಮೇಲೊಂದು ಕಲ್ಲು ನೆಡು.
ಬರೆದೆ. ಮೂವತ್ತೊಂದು ಅಂಶ.
ಬರೆಯುವ ಭರದಲ್ಲಿ ಪೆನ್ನು ಒಂದೇ ಸಾಲಿನಲ್ಲಿ
ಕ್ರಾಂತಿಯನ್ನೂ ಕೇಳಿತ್ತು,
ಕ್ಯಾಂಟೀನಿನ ಹುರುಳಿಸಾರಿಗೆ ಉಪ್ಪನ್ನೂ.

ಒಂಬತ್ತಕ್ಕೆ ಹತ್ತು ನಿಮಿಷವಿದೆ. ಲಿಫ್ಟಿನ ಮುಂದೆ ನಾನು.
ತ್ಬಿಲಿಸಿಯಲ್ಲಿ ಲಿಫ್ಟಿಗೂ ಹೊಟ್ಟೆಯಿದೆ.
ಇಪ್ಪತ್ತು ತೇತ್ರಿಯ ಬಿಲ್ಲೆ ನುಂಗಿದರೆ ಏರುತ್ತದೆ,
ಇಲ್ಲದಿದ್ದರೆ ಬಾಯಿ ತೆರೆದುಕೊಂಡು
ಸಾಲ ಕೊಟ್ಟವರ ಹಾಗೆ ನೋಡುತ್ತದೆ.
ಕುಲಪತಿಯ ಜೇಬಿನಲ್ಲಿ ಚಿಲ್ಲರೆ ಇರಲಿಲ್ಲ.

ಹಾಗಾಗಿ ಮೆಟ್ಟಿಲು. ಒಂಬತ್ತು ಮಹಡಿ.
ಐದನೆಯದರ ತಿರುವಿನಲ್ಲಿ ಮಕ್ವಾಲಾ ಕೂತಿದ್ದಳು,
ಪಕ್ಕದಲ್ಲಿ ತುಂಬಿದ ಬಕೆಟ್ಟು, ಮಂಡಿಯ ಮೇಲೆ ಕೈ.
ಮೂರರಾಚೆ ನಲ್ಲಿಗೆ ನೀರು ಏರುವುದಿಲ್ಲ ಮಗಳೇ,
ಕೆಳಗಿನಿಂದಲೇ ಹೊರಬೇಕು, ಅಂದಳು,
ಇವತ್ತು ಚಳಿ ಅನ್ನುವಷ್ಟೇ ಸಲೀಸಾಗಿ.
ದಿನಕ್ಕೆ ಎಷ್ಟು ಸಲ?
ಬೆರಳು ಮಡಿಸಿದಳು. ಒಂದು ಕೈ ಸಾಲಲಿಲ್ಲ.
ಮತ್ತೆ ಲಿಫ್ಟು?
ಆ ಲೆಕ್ಕ ಅವಳಿಗೆ ಬಾಯಿಪಾಠ.
ತಿಂಗಳಿಗೆ, ಮೊಮ್ಮಗನ ಒಂದು ಜೊತೆ ಬೂಟು.

ಎರಡು ವರ್ಷ ಅವಳು ಒರೆಸಿದ ಒದ್ದೆ ನೆಲದ ಮೇಲೆ ನಡೆದಿದ್ದೇನೆ.
ತುದಿಗಾಲಲ್ಲಿ ನಡೆದರೆ ಮರ್ಯಾದೆ ಮುಗಿಯಿತು
ಅಂದುಕೊಂಡಿದ್ದೆ.

ಕುಲಪತಿಯ ಕುರ್ಚಿ ಮೆತ್ತಗಿತ್ತು, ತುಸು ಎತ್ತರ;
ನನ್ನ ಕಾಲು ನೆಲ ಮುಟ್ಟಲಿಲ್ಲ.
ಕಿಟಕಿಯಾಚೆ ಕುರಾ ನದಿ ಕೆಸರು ಹೊತ್ತು ತನ್ನ ಪಾಡಿಗೆ.
ಅಂಗಳದಲ್ಲಿ, ಕಿವಿಗೆ ಹಳದಿ ಬಿಲ್ಲೆ ಚುಚ್ಚಿಸಿಕೊಂಡ ನಾಯಿ
ಯಾವ ವಿಭಾಗ ಎಂದು ಕೇಳದೆ
ಎಲ್ಲರ ಹಿಂದೆಯೂ ಹೋಗುತ್ತಿತ್ತು.
ಕಾರ್ಯದರ್ಶಿ ನನ್ನ ಹಾಳೆಗಳನ್ನು ಓದಿದರು,
ಒಂದೊಂದು ಅಂಶ ಮುಗಿದಾಗಲೂ ಕನ್ನಡಕ ಸರಿಮಾಡಿಕೊಂಡು
'ಸಮಿತಿ' ಅಂದರು.
ದೇವರ ಹೆಸರು ಹೇಳುವಷ್ಟು ಭಕ್ತಿಯಿಂದ.
ಮೂವತ್ತೊಂದು ಸಲ.
ಮೂವತ್ತೆರಡನೆಯದನ್ನು ನಾನು ಅವರಿಗೆ ತೋರಿಸಲಿಲ್ಲ.

ಊಟದ ಹೊತ್ತಿಗೆ ಕಾವಲುಗಾರ ಜುಂಬೇರನನ್ನು ಕರೆದೆ.
ಊರಲ್ಲಿ ಟ್ರಾಲಿಬಸ್ಸು ಓಡುತ್ತಿದ್ದ ಕಾಲಕ್ಕೆ
ಡಿಪೋದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು.
ಆದೇಶ ಇದೆಯೇ? ಕೇಳಿದ.
ನಾನೇ ಆದೇಶ, ಅಂದೆ. ಧ್ವನಿ ನಡುಗಿತು.
ಕೇಳಿಸದವನ ಹಾಗೆ ಸ್ಕ್ರೂಡ್ರೈವರನ್ನು ತೋಳಿಗೆ ಒರೆಸಿಕೊಂಡ.
ನಾಲ್ಕು ಸ್ಕ್ರೂ. ಎರಡಕ್ಕೆ ತುಕ್ಕು.
ಡಬ್ಬಿ ಕಳಚಿದ ಕಡೆ ಗೋಡೆಯ ಮೇಲೊಂದು ಚೌಕ,
ಯಾವ ಕಾಲದ್ದೋ ಹಸಿರು ಬಣ್ಣ,
ಬೆಳಕು ಕಾಣದೆ ಹೊಸದಾಗಿಯೇ ಉಳಿದದ್ದು.
ಎರಡು ತಂತಿ ಹೆಣೆದು ಟೇಪು ಸುತ್ತಿದ.

ಮಕ್ವಾಲಾ ಬಕೆಟ್ಟು ಹಿಡಿದು ಒಳಗೆ ಬಂದಳು.
ಕೈ ಅಭ್ಯಾಸಬಲದಿಂದ ಏಪ್ರನ್ನಿನ ಜೇಬಿಗೆ ಹೋಯಿತು,
ಬಿಲ್ಲೆ ತೆಗೆಯಿತು, ಗೋಡೆಯ ಕಡೆ ಚಾಚಿ
ತೂತು ಸಿಗದೆ ಗಾಳಿಯಲ್ಲೇ ನಿಂತಿತು.
ಬಾಗಿಲು ಮುಚ್ಚಿತು. ಹೋಯಿತು ಮೇಲಕ್ಕೆ.

ಐದಕ್ಕೆ ಬೀಗದ ಕೈ ಒಪ್ಪಿಸಿದೆ. ಫೋಟೊ ತೆಗೆದರು.
ಅದರಲ್ಲಿ ನನ್ನ ಬೆರಳಿನ ತುಕ್ಕು ಕಾಣುವುದಿಲ್ಲ.

ಸೋಮವಾರ ಡಬ್ಬಿ ಮತ್ತೆ ಬಂದಿತ್ತು.
ಈ ಸಲ ಆರು ಸ್ಕ್ರೂ.
ಹಸಿರು ಚೌಕಕ್ಕೆ ಡಬ್ಬಿ ಸರಿಯಾಗಿ ಕೂತಿಲ್ಲ,
ಒಂದು ಅಂಚು ಹೊರಗೇ ಉಳಿದಿದೆ.
ಗೇಟಿನಲ್ಲಿ ಜುಂಬೇರ ದಿನಾ ನನ್ನ ಗುರುತಿನ ಚೀಟಿಯನ್ನು
ಮೊದಲ ಸಲ ನೋಡುವವನ ಹಾಗೆ ತಿರುಗಿಸಿ ಮುರುಗಿಸಿ ನೋಡುತ್ತಾನೆ.
ಹಿಂತಿರುಗಿಸುವಾಗ, ತುಟಿ ಅಲುಗದಂತೆ, ಕೇಳುತ್ತಾನೆ:
ಆದೇಶ ಇದೆಯೇ?