ಸೂಟಿಯ ಚೆಂಡು

ಪರೀಕ್ಷಾ ಮುಗದು ಒಂಬತ್ತು ದಿನ.
ಬೆಟಗೇರಿ ಹೆಣ್ಣುಮಕ್ಕಳ ಸಾಲಿ ಬಯಲಿನ್ಯಾಗ
ಸಿಮೆಂಟಿನ ಕೋರ್ಟು
ಎಂಟು ಹೊಡಿಯೂದ್ರಾಗ ಕಾದ ಹಂಚು,
ಬರಿಗಾಲಿಟ್ರ ರೊಟ್ಟಿಹಂಗ ಉಬ್ಬತಾವ ಅಂಗಾಲು.
ಅದಕ್ಕ ನಾನು ನಸಕಿನ್ಯಾಗ ಬರತೇನಿ,
ಕೊರಳಾಗ ಸೀಟಿ, ಸೈಕಲ್ಲಿನ ಹಿಂದ ಮೂರು ಚೆಂಡು.
ಒಂದಕ್ಕ ಗಾಳಿ ನಿಲ್ಲೂದಿಲ್ಲ,
ಒಂದಕ್ಕ ಮೈಮ್ಯಾಲಿನ ಗುಳ್ಳಿ ಸವದು ಬೋಳು,
ಮೂರನೇದು ಚೊಲೋ ಐತಿ.

ಟೀಮಿನ್ಯಾಗ ಹನ್ನೆರಡು ಮಂದಿ.
ಬಂದವರು ನಾಕು.
ಕಸ್ತೂರಿ ಮುಂಡರಗಿಗೆ ಹೋಗ್ಯಾಳ, ಅಕ್ಕನ ಬಾಣಂತನಕ್ಕ.
ಮೆಹಜಬೀನ ಮಾಮಾನ ಬೇಕರಿಯೊಳಗ ಖಾರಿ ಎಣಸತಾಳ.
ತುಳಜಾ, ನಮ್ಮ ಎತ್ತರದಾಕಿ,
ಸಾವಜಿ ಖಾನಾವಳಿ ಗಲ್ಲಾದ ಮ್ಯಾಲೆ ಕುಂತು
ಕುಂತಲ್ಲೇ ಗಿಡ್ಡ ಆಗ್ಯಾಳ.
ಸುವರ್ಣಾನ ಅವ್ವ ಬಾಗಲಾಗ ನಿಂತು ಕೇಳಿದ್ರು:
"ಮ್ಯಾಚಽ ಇಲ್ಲಂದಮ್ಯಾಲೆ ಕುಣಿಯೂದು ಯಾಕ್ರಿ, ಅಕ್ಕೋರ?"

ಖರೇನ ಕೇಳಿದ್ರು.
ರಾತ್ರಿ ಕರೆಂಟು ಹೋದಾಗ ಮಾಳಗಿ ಮ್ಯಾಲೆ ಮಲಗಿ
ಆ ಮಾತು ಹೊರಳಿಸಿ ಹೊರಳಿಸಿ ನೋಡಿದೆ,
ಉತ್ತರ ಒಂದೂ ಹುಟ್ಟಲಿಲ್ಲ.
ಮುಂಜಾನೆ ಒಬ್ಬಾಕೇ ನಿಂತು ಚೆಂಡು ಬಡದೆ.
ಟಪ್ ಅಂದ್ರ ಓಣಿ ಆಕಡಿಂದ ಮಗ್ಗ ಖಟ್ ಅಂತಿತ್ತು,
ಟಪ್ ಖಟ್, ಟಪ್ ಖಟ್,
ಯಾರು ಯಾರಿಗೆ ಓ ಅನ್ನಾಕತ್ತಾರ
ತಿಳೀಲಾರದಂಗ.

ನವಂಬರದಾಗ ಧಾರವಾಡಕ್ಕ ಹೋಗಿ
ಮೂವತ್ತೊಂದು ಅಂಕದಿಂದ ಸೋತು ಬಂದ್ವಿ.
ಬಸ್ಸಿನ್ಯಾಗ ಒಬ್ಬಾಕೀನೂ ಅಳಲಿಲ್ಲ.
ಅಣ್ಣಿಗೇರಿ ದಾಟಿದ ಮ್ಯಾಲೆ ಯಾರೋ ಶೇಂಗಾ ಬಿಚ್ಚಿದ್ರು,
ಸಿಪ್ಪಿ ಹಾರಿಸಿ ನಕ್ಕರು.
ಅತ್ತಿದ್ರ ನಾನು ಇಷ್ಟು ಅಂಜತಿದ್ದಿಲ್ಲ.

ಭಾಷಣ ನನಗ ಒಗ್ಗೂದಿಲ್ಲ.
ಒಮ್ಮೆ ಹಾಳಿ ತುಂಬ ಬರಕೊಂಡು ಹೋಗಿದ್ದೆ:
ಛಲ, ಗುರಿ, ಬೆವರು, ಬಂಗಾರ.
ಓದಿ ತಲಿ ಎತ್ತಿದ್ರ
ನಾಕೂ ಮಂದಿ ಬೇವಿನ ಗಿಡದಾಗಿನ ಅಳಿಲು ನೋಡಾಕತ್ತಿದ್ರು.
ನಾನೂ ನೋಡಿದೆ. ಚೊಲೋ ಜಿಗೀತಿತ್ತು.

ರಿಂಗಿಗೆ ಜಾಳಗಿ ಇದ್ದಿಲ್ಲ, ಎರಡು ವರ್ಷ ಆಗಿತ್ತು.
ಅಂಬಿಕಾನ ಮನ್ಯಾಗ ಎರಡು ಮಗ್ಗ.
ಸೀರಿ ನೇದು ಉಳದ ಕೆಂಪು ನೂಲು
ಮೂರೆಳಿ ಹುರಿ ಮಾಡಿ, ಅಳತಿ ಇಲ್ಲ ಗಿಳತಿ ಇಲ್ಲ,
ತಾನಽ ಹೆಣದು ತಂದ್ಲು.
ಬೆಂಚಿನ ಮ್ಯಾಲೆ ಬೆಂಚು ಇಟ್ಟು ಕಟ್ಟಿದ್ವಿ.
ಒಂದು ಮೊಳ ಉದ್ದ ಹೆಚ್ಚಾತು,
ತುದಿಗೆ ಬಾಯಿ ಬಿಗಿ ಆತು.
ಹುಲಿಗೆವ್ವ ಒಗದ ಮೊದಲನೇ ಚೆಂಡು
ಒಳಗ ಇಳದು, ಕೆಳಗ ಬರದನ
ನೆಲವಿನ್ಯಾಗಿನ ಬೆಣ್ಣಿ ಗಡಿಗಿಹಂಗ
ಕುಂತುಬಿಡ್ತು.

ಅಂಬಿಕಾನ ಮಾರಿ ಸಣ್ಣಾತು.
ಉಳದವರು ಹೊಟ್ಟಿ ಹಿಡಕೊಂಡು ನಕ್ಕು ನಕ್ಕು
ಕಸಬರಿಗಿ ತರಾಕ ಓಡಿದ್ರು.
"ಕಸಬರಿಗಿ ಬ್ಯಾಡ," ಅಂದೆ. "ಕೈಲೆ ಬಡದು ಕೆಡವ್ರಿ."
ಯಾಕ ಹಂಗ ಅಂದೆ, ನನಗೂ ತಿಳೀಲಿಲ್ಲ.

ಮರುದಿನ ಆರು ಮಂದಿ. ಆಮ್ಯಾಲೆ ಎಂಟು.
ನೆಲವಿಗೆ ಗಂಟುಬಿದ್ದ ಬೆಕ್ಕುಗಳು.
ತುಳಜಾ ಮಸಾಲಿ ಘಮದ ಕೈಲೆ ಬಂದು
ಒಂದಽ ಏಟಿಗೆ ಕೆಡವಿದ್ಲು.
ಹುಲಿಗೆವ್ವ, ನಾಕೂವರೆ ಅಡಿ ಹುಡುಗಿ,
ಜಗಳ ತಗದು ಚೆಂಡು ಹೊಳ್ಳಿ ಹಾಕಿಸಿದ್ಲು:
"ನಾ ಕೆಡವೂಮಟ ಯಾರೂ ಮುಟ್ಟಬ್ಯಾಡ್ರಿ."
ಕಂಬಕ್ಕ ಇದ್ದಲಿ ಗೆರಿ ಎಳದಾಳ, ದಿನಕ್ಕೊಂದು;
ಕೆಲವು ದಿನ ಗೆರಿ ಕೆಳಗಽ ಇಳದಾವ.

"ಬಿಚ್ಚಿ ಹೊಳ್ಳಿ ಹೆಣೀಲೇನ್ರಿ?" ಅಂತಾಳ ಅಂಬಿಕಾ.
"ಜೂನ್ ಮಟ ಇರಲಿ ಬಿಡ."

ಇವತ್ತ ಗೇಟಿನ ಹಂತೇಲಿ ಸುವರ್ಣಾನ ಅವ್ವ,
ಮಗಳ ಕೈ ಹಿಡಕೊಂಡು.
ಅವತ್ತಿನ ಪ್ರಶ್ನೆಗೆ ಉತ್ತರ ಇನ್ನೂ ನನ್ನ ಕಡೆ ಇಲ್ಲ.
ಅವರು ಕೇಳಲೂ ಇಲ್ಲ.
ಹುಲಿಗೆವ್ವ ಜಿಗದ್ಲು. ನಾಕು ಬೆರಳು ಕಡಿಮಿ ಬಿತ್ತು.
"ಅಯ್ಯ," ಅಂದ್ರು ಅವ್ವ,
ಮ್ಯಾಲೆ ನೋಡಕೋತ
ಚಪ್ಪಲಿ ಬಿಟ್ಟು
ಒಳಗ ಬಂದ್ರು.