ಕಪ್ಪು ಟೇಪು

ಕೋಲಾರದ ಟೊಮೊಟೊ ಮಂಡಿಯ ಹಿಂಬದಿ ಗೇಟಿಗೆ ಎದುರಾಗಿ
ನನ್ನ ಅಂಗಡಿ. ಬೋರ್ಡಿನಲ್ಲಿ ಆಟೋ ಎಲೆಕ್ಟ್ರಿಕಲ್ಸ್ ಅಂತಿದೆ.
ಮಾಡಿದ್ದು ಹೆಚ್ಚಾಗಿ ದೀಪ ಮುಚ್ಚುವ ಕೆಲಸ.

ಡ್ರೈವರುಗಳು ಬರುತ್ತಿದ್ದುದು ರಾತ್ರಿ ಹನ್ನೊಂದರ ಮೇಲೆ,
ಹರಾಜಾದ ಬಾಕ್ಸುಗಳು ಗಾಡಿಗೆ ಏರುವ ಹೊತ್ತು.
"ಮೀಟರಿನಾಗೆ ಅದೇನೋ ಹಳದಿ ಉರೀತೈತೆ,
ಕಣ್ಣಿಗೆ ಚುಚ್ತೈತೆ, ಒಸಿ ಆರಿಸಣ್ಣಾ.
ಲೋಡು ಕಲ್ಕತ್ತಾದ್ದು. ರೋಗ ಬಂದ್ಮೇಲೆ ನೋಡಾನ."

ಹಾಳೆಗೆ ತೂತು ಹೊಡೆಯುವ ಪಂಚೊಂದು ನನ್ನ ಹತ್ತಿರ ಇದೆ.
ಅದರಲ್ಲಿ ಟೇಪು ಕತ್ತರಿಸಿದರೆ
ಹಣೆಗಿಡುವ ಸ್ಟಿಕ್ಕರಿನಷ್ಟು ಗುಂಡಗೆ.
ದೀಪದ ಮೇಲೆ ಅಂಟಿಸಿ, ಹೆಬ್ಬೆರಳಿಂದ ಒತ್ತಿದರೆ
ಹತ್ತು ರೂಪಾಯಿ.
ಬಜರು ಕಿರುಚುತ್ತಿದ್ದರೆ ತಂತಿ ಕತ್ತರಿಸಿ, ಇಪ್ಪತ್ತು.

ನನ್ನೊಬ್ಬನನ್ನೇ ಬೈಯಬೇಡಿ. ಆ ದೀಪಗಳೂ ಸಾಚಾ ಅಲ್ಲ.
ಯೂರಿಯಾ ನೀರು ಕೆಟ್ಟಿದೆ ಅಂತ ಉರಿಯುತ್ತವೆ, ಕೆಟ್ಟಿರುವುದಿಲ್ಲ.
ಸೆನ್ಸರು ಚೂರು ಧೂಳು ತಿಂದರೂ ಉರಿಯುತ್ತವೆ.
ಎಲ್ಲದಕ್ಕೂ ಹೂಂ ಅನ್ನುವ ಅಳಿಯನ ಹಾಗೆ;
ಅವನ ಹೂಂಗೆ ತೂಕ ಎಲ್ಲಿಂದ ಬರಬೇಕು?

ಹೋದ ವರ್ಷ ಸ್ಕ್ಯಾನರು ತಂದೆ, ಕಂತಿನ ಮೇಲೆ.
ಸ್ಟೇರಿಂಗಿನ ಕೆಳಗೆ ಹದಿನಾರು ತೂತಿನ ಬಾಯಿ,
ಅಲ್ಲಿಗೆ ಚುಚ್ಚಿದರೆ ಗಾಡಿ ಮಾತಾಡುತ್ತದೆ.

ಆವತ್ತು ಬಂದವನು ತಾಯಲೂರಿನ ಚಲಪತಿ, ಹನ್ನೆರಡು ಚಕ್ರದ್ದು.
ಟೇಪು ಸಡಿಲಾಗಿದೆ, ಹೊಸದು ಹಾಕು ಅಂದ.
ಕಿತ್ತೆ. ಕೆಳಗೆ ಇನ್ನೊಂದು ಟೇಪು, ನೀಲಿ,
ವಿಜಯವಾಡವೋ ಭುವನೇಶ್ವರವೋ, ಯಾರದೋ ಕೈ.
ಅದರ ಕೆಳಗೆ ಗಾಯದ ಪಟ್ಟಿಯ ತುಂಡು.
ಅದರ ಕೆಳಗೆ ಗುಂಡಗೆ, ಕಪ್ಪಗೆ, ಅಂಚು ಒಂದು ಕಡೆ ಹರಿದದ್ದು.
ನನ್ನ ಪಂಚಿನ ಅಲುಗು ಒಂದು ಕಡೆ ಮೊಂಡು.
ಅದನ್ನೂ ಎತ್ತಿದೆ.

ದೀಪ ಉರಿಯುತ್ತಲೇ ಇತ್ತು.

ಬ್ರೇಕಿನ ಗಾಳಿ ಕಮ್ಮಿ, ಹನ್ನೊಂದು ಸಲ.
ಪ್ರತಿ ಸಲಕ್ಕೂ ಓಡಿದ ಕಿಲೋಮೀಟರು, ಆಗಿನ ವೇಗ.
ವೋಟರ್ ಪಟ್ಟಿಯಲ್ಲಿ ಹೆಸರು ಹುಡುಕುವವನ ಹಾಗೆ
ಚಲಪತಿ ಬೆರಳಿಟ್ಟು ಇಳಿಯುತ್ತ ಬಂದು
ಎರಡು ಲಕ್ಷ ಹದಿನಾಲ್ಕು ಸಾವಿರದ ಮುನ್ನೂರಾ ಆರಕ್ಕೆ ನಿಂತ.

"ಇದು ಮೊಗಿಲಿ ಘಾಟು.
ಪೆಡಲು ತುಳಿದ್ರೆ ಒದ್ದೆ ಬಟ್ಟೆ ತುಳಿದಂಗೆ.
ಎರಡನೇ ಗೇರಿಗೆ ಎಳೆದು, ಗುಡ್ಡದ ಬದಿಗೆ ಒರಗಿಸಿ ನಿಲ್ಲಿಸ್ದೆ.
ಕ್ಲೀನರ್ ಹುಡುಗ ಎದ್ದೇಳಲೇ ಇಲ್ಲ.
ಬೆಳಿಗ್ಗೆ ನೋಡಿದ್ರೆ ಪೆಡಲು ಸರಿಯಾಗೇ ಇತ್ತು.
ನಿಂದು ನಿದ್ದೆಗಣ್ಣು ಅಂದ್ರು ಓನರು.
ನಾನೂ ಅಂಗೇ ಅನ್ಕೊಂಡೆ. ಎಂಟು ತಿಂಗಳು,
ಎಲ್ಲಿ ಇಳಿಜಾರು ಬಂದ್ರೂ, ನನ್ನ ಕಾಲನ್ನೇ ನಂಬಲಿಲ್ಲ."

ಟವಲಿನಿಂದ ಮುಖ ಒರೆಸಿಕೊಂಡ.
"ಅಂದ್ರೆ ಇದಕ್ಕೆ ಗೊತ್ತಿತ್ತು."

ಗೊತ್ತಿತ್ತು. ಬರೆದಿಟ್ಟುಕೊಂಡಿತ್ತು,
ಯಾರೂ ಕೇಳದಿದ್ದರೂ.
ತಳದ ಆ ಟೇಪು ಯಾರದು ಅಂತ ಅವನು ಕೇಳಲಿಲ್ಲ.
ನಾನು ಹೇಳಲಿಲ್ಲ. ಜೇಬಿಗೆ ಹಾಕಲು ಹೋದರೆ
ಬೆರಳು ಬಿಡಲೊಲ್ಲದು.

ಹಳೆಯದೆಲ್ಲ ಅಳಿಸಲೇ, ಅಂತ ಸ್ಕ್ಯಾನರು ಕೇಳಿತು.
ಮಂಡಿಯ ರೈಟರು ಅತ್ತಲಿಂದ ಕೂಗುತ್ತಿದ್ದ,
ಹಣ್ಣು ಬಿಸಿಯಾಗ್ತೈತೆ, ಗಾಡಿ ತೆಗೀರಣ್ಣೋ.
"ತಡಿ, ಫೋಟೋ ತೆಗೀತೀನಿ," ಅಂದ ಚಲಪತಿ.
"ಓನರಿಗೆ ಆಮೇಲೆ. ಮೊದಲು ಮನೆಗೆ.
ಅವಳೂ ನಿದ್ದೆಗಣ್ಣು ಅಂದಿದ್ಲು."

ಏರ್ ಡ್ರೈಯರು ಬಿಚ್ಚಿದೆವು. ಒಳಗೆ ಅರ್ಧ ಲೋಟ ನೀರು,
ಎಣ್ಣೆ ಬೆರೆತು ಹೋಟೆಲ್ ಕಾಫಿಯ ಬಣ್ಣ.
ಮೂರೂವರೆಗೆ ಹೊಸ ವಾಲ್ವು ಕೂತಿತು.
ಮುಳ್ಳು ಎಂಟಕ್ಕೆ ಏರಿ ನಿಂತಾಗ
ದೀಪ ತಾನಾಗಿಯೇ ಆರಿತು.

ಹದಿನೇಳು ವರ್ಷದ ಅಂಗಡಿ.
ದೀಪ ಹಾಗೆ ಆರುವುದನ್ನು ನಾನು ನೋಡಿರಲಿಲ್ಲ.

ಅಂತರಗಂಗೆ ಬೆಟ್ಟದ ಅಂಚು ಬೆಳ್ಳಗಾಗುತ್ತಿತ್ತು.
ಶಟರು ಎಳೆಯುವಷ್ಟರಲ್ಲಿ ಇನ್ನೊಬ್ಬ,
ಕೈಯಲ್ಲಿ ಮಡಚಿದ ಹತ್ತರ ನೋಟು.
"ಅಣ್ಣಾ, ಟೇಪೈತಾ?"

ಇತ್ತು. ಡ್ರಾಯರಿನಲ್ಲಿ. ಪೂರಾ ಒಂದು ಸುರುಳಿ.